ಹಾರ್ಮ್ ಮೈಂಡರ್ಸನ ಒರತೆ

ಮಳೆ ನಿಂತ ಮೂರನೆಯ ದಿನಕ್ಕೆ ಹೊಲದಲ್ಲಿ ಗೆರೆಗಳು ಮೂಡಿದ್ದವು. ಅಡಿಗೆಮನೆಯ ಕಿಟಕಿಯಿಂದ ಕಾಣುವ ಕಪ್ಪು ನೆಲದ ಮೇಲೆ, ಬಡಕಲು ಹಸುವಿನ ಪಕ್ಕೆಲುಬುಗಳ ಹಾಗೆ, ಬೂದು ಬಣ್ಣದ ಉದ್ದುದ್ದ ಗೆರೆಗಳು. ನೆಲದೊಳಗೆ ಎಲ್ಲಿ ಜೌಗು ನೀರು ಬಸಿಯುವ ಸುಟ್ಟ ಮಣ್ಣಿನ ಕೊಳವೆ ಮಲಗಿದೆಯೋ ಅದರ ನೆತ್ತಿಯ ಮಣ್ಣು ಮೊದಲು ಒಣಗುತ್ತದೆ; ಐವತ್ತು ವರ್ಷವಾದರೂ ಒಣಗುತ್ತದೆ. ಈ ಸುತ್ತಿನ ಅರ್ಧಕ್ಕರ್ಧ ಗೆರೆಗಳು ಫೋಲ್ಕರ್ಟ್ ಉಬೆನ್ ಮತ್ತು ಅವನ ಅಪ್ಪ ಐಲರ್ಟ್ ಕೈಯಾರೆ ಅಗೆದು ಹೂತವು. ಏಪ್ರಿಲ್ ಬಂತೆಂದರೆ ಉಳಿದವರು ಆಕಾಶ ನೋಡುತ್ತಾರೆ, ಫೋಲ್ಕರ್ಟ್ ನೆಲ ನೋಡುತ್ತಾನೆ. ಗೆರೆಗಳೆಲ್ಲ ಇರಬೇಕಾದಲ್ಲೇ ಇವೆ, ನೆರೆಯ ಮೈಂಡರ್ಸರ ಬೇಲಿಯನ್ನು ಯಾವುದೂ ದಾಟಿಲ್ಲ ಎಂದು ಕಣ್ಣಿಗೆ ಖಾತ್ರಿಯಾದ ಮೇಲೆಯೇ ಅವನು ಕಿಟಕಿ ಬಿಟ್ಟು ಕದಲುವುದು. ಬೇಲಿಯಾಚೆ ಇರುವುದು ಹುಲ್ಲುಗಾವಲು. ಹುಲ್ಲಿನ ಮೇಲೆ ಗೆರೆ ಮೂಡುವುದಿಲ್ಲ. ಗೊತ್ತಿದ್ದೂ ಪ್ರತಿ ವರ್ಷ ನೋಡುತ್ತಿದ್ದ.

“ಕೆನೆ ಕಲಕಿಬಿಟ್ಯಲ್ಲೋ,” ಎಂದಳು ಹೆಂಡತಿ ಗೆಸ್ಕೆ.

ಅವನು ಬಟ್ಟಲಿನತ್ತ ನೋಡಿದ. ಚಹಾದ ಮೇಲೆ ಮೋಡದಂತೆ ತಾನಾಗಿ ಹರಡಬೇಕಾಗಿದ್ದ ಕೆನೆಯನ್ನು ಚಮಚ ಹಾಕಿ ತಿರುವಿಬಿಟ್ಟಿದ್ದ. ಅವರ ಜನ ಹಾಗೆ ಮಾಡುವುದಿಲ್ಲ, ಮಕ್ಕಳೂ ಮಾಡುವುದಿಲ್ಲ.

“ನಿನ್ನಮ್ಮ ಇದ್ದಿದ್ರೆ ಮೇಜಿನಿಂದ ಎಬ್ಬಿಸಿ ಕಳಿಸ್ತಿದ್ಲು. ಎಲ್ಲಿದೆ ಗ್ಯಾನ?”

“ಎಲ್ಲೂ ಇಲ್ಲ.”

“ಮೈಂಡರ್ಸ್ ಹುಡುಗಿ ಎಂಟು ಗಂಟೆಗೆ ಬಾ ಅಂದಿದ್ದಾಳೆ. ಹೋಗೋಕೆ ಇಷ್ಟ ಇಲ್ದಿದ್ರೆ ಸೊಂಟನೋವು ಅಂತ ಫೋನ್ ಮಾಡ್ಲಾ?”

“ಹುಡುಗಿ ಅಂತೆ. ಐವತ್ತಾರು ಅವಳಿಗೆ.”

“ನಿನ್ನ ಮುಂದೆ ಹುಡುಗಿನೇ ಕಣೋ, ಮುದುಕ,” ಎಂದು ಗೆಸ್ಕೆ ನಕ್ಕಳು. “ಅಲ್ಲ, ನಿಮ್ಮಪ್ಪ ಇದ್ದಿದ್ರೆ ಬಾಗಿಲಿಗೆ ಅಡ್ಡ ಮಲಗ್ತಿದ್ದ. ಅವನು ಒಣಗಿಸಿದ ನೆಲಾನ ಮಗ ನೆನೆಸೋಕೆ ಹೊರಟಿದ್ದಾನಲ್ಲ.”

ಆ ಮಾತಿಗೆ ಅವನೂ ನಗಬೇಕಾಗಿತ್ತು. ಅಪ್ಪ ನಿಜಕ್ಕೂ ಅಡ್ಡ ಮಲಗುತ್ತಿದ್ದ. ಅಪ್ಪನ ಅಜ್ಜ ಜರ್ಮನಿಯ ಕಡಲಂಚಿನಿಂದ ಅಮೆರಿಕದ ಅಯೋವಾಕ್ಕೆ ಬಂದವನು. ಆ ಕಡಲಂಚಿನಲ್ಲಿ ಒಂದೊಂದು ಗೇಣು ನೆಲವನ್ನೂ ಕಟ್ಟೆ ಕಟ್ಟಿ ಸಮುದ್ರದ ಬಾಯಿಂದ ಕಿತ್ತುಕೊಂಡಿದ್ದರು. ಬಂದವರು ಗುದ್ದಲಿಯ ಜೊತೆಗೆ ನೀರಿನ ಮೇಲಿನ ಹಗೆಯನ್ನೂ ಹಡಗಿನಲ್ಲಿ ತಂದರು. ಇಲ್ಲಿ ಸಮುದ್ರವಿರಲಿಲ್ಲ. ಮೊಣಕಾಲು ಮಟ್ಟದ ನೀರು, ಆಳೆತ್ತರದ ಹುಲ್ಲು, ವಸಂತದಲ್ಲಿ ಕಿವಿಗಡಚಿಕ್ಕುವ ಹಕ್ಕಿಗಳು ಇದ್ದವು. ಸರ್ಕಾರದ ಮೊದಲ ಮೋಜಣಿಯವರು ಈ ತಗ್ಗನ್ನು ನಕ್ಷೆಯಲ್ಲಿ ‘ಸಾಗುವಳಿಗೆ ಲಾಯಕ್ಕಲ್ಲ’ ಎಂದು ಬರೆದಿದ್ದರಂತೆ. ಅಪ್ಪ ಆ ಮಾತನ್ನು ಹೇಳಿ ಹೇಳಿ ನಗುತ್ತಿದ್ದ: ದೇವರು ಅರ್ಧಕ್ಕೆ ಬಿಟ್ಟ ಕೆಲಸ, ಮುಗಿಸಿದ್ದು ನಾವು. ಒಬ್ಬನ ಹೊಲದಲ್ಲಿ ನೀರು ನಿಂತಿದೆ ಎಂದರೆ ಅವನ ಮನೆಯ ಕಿಟಕಿ ಒರೆಸದೆ ಬಿಟ್ಟ ಹಾಗೆ. ಭಾನುವಾರ ಚರ್ಚಿನಿಂದ ಹೊರಬಂದವರು ಪ್ರವಚನದ ಬಗ್ಗೆ ಎರಡು ಮಾತಾಡಿ, ಆಮೇಲೆ ತಗ್ಗಿದ ದನಿಯಲ್ಲಿ ಯಾರ ಮೂಲೆ ಇನ್ನೂ ಒದ್ದೆ ಇದೆ ಎನ್ನುವುದಕ್ಕೆ ಬರುತ್ತಿದ್ದರು. ಫೋಲ್ಕರ್ಟನಿಗೆ ಆ ಹೆಮ್ಮೆ ಗೊತ್ತು, ಅದನ್ನು ಅವನು ಅಲ್ಲಗಳೆಯುವುದಿಲ್ಲ. ಕೊನೆಯ ಕೊಳವೆ ಕೂಡಿಸಿ ಹಳ್ಳದ ದಡದಲ್ಲಿ ನಿಂತಾಗ ಕತ್ತಲೆಯ ಬಾಯಿಂದ ಮೊದಲ ನೀರು ಕೆಮ್ಮಿ ಕೆಮ್ಮಿ ಬೀಳುವುದನ್ನು ಕೇಳುವುದಿತ್ತಲ್ಲ, ಅಂಥ ಸುಖ ಮದುವೆಯಲ್ಲೂ ಸಿಗಲಿಲ್ಲ ಎಂದು ಅವನಿಗೆ ಒಮ್ಮೊಮ್ಮೆ ಅನಿಸಿದ್ದುಂಟು. ಅದೇ ನೀರು ಈಗ ಹೊಲದ ಗೊಬ್ಬರವನ್ನೆಲ್ಲ ಕರಗಿಸಿಕೊಂಡು ಹಳ್ಳಕ್ಕೆ, ಹಳ್ಳದಿಂದ ನದಿಗೆ ಹೋಗುತ್ತದೆ. ಎಳೆಗೂಸುಗಳಿಗೆ ನಲ್ಲಿಯ ನೀರು ಕುಡಿಸಬೇಡಿ ಎಂದು ಊರಿನಲ್ಲಿ ಚೀಟಿ ಅಂಟಿಸುತ್ತಾರೆ. ಮೊಮ್ಮಗಳ ಕೂಸು ಬಂದರೆ ಗೆಸ್ಕೆ ಅಂಗಡಿಯಿಂದ ನೀರು ತರುತ್ತಾಳೆ. ತಂದು, ಯಾರ ಮೇಲೂ ತಪ್ಪು ಹೊರಿಸದೆ, ಮೂಲೆಯಲ್ಲಿಡುತ್ತಾಳೆ.

ಹಾರ್ಮ್ ಮೈಂಡರ್ಸನ ಮಗಳು ಆರ್ಲಿಸ್ ಆಗಲೇ ಬಂದಿದ್ದಳು. ರಬ್ಬರ್ ಬೂಟು, ಅಪ್ಪನದೇ ಇರಬೇಕು ಎನ್ನುವಂಥ ದೊಡ್ಡ ಕೋಟು. ಕಂಕುಳಲ್ಲಿ ಕಿತ್ತಳೆ ಬಣ್ಣದ ಪುಟ್ಟ ಬಾವುಟಗಳ ಕಟ್ಟು. ಅಪ್ಪ ಸತ್ತ ಮೇಲೆ ಭೂಮಿ ಅವಳ ಹೆಸರಿಗೆ ಬಂದಿತ್ತು. ತಗ್ಗಿನ ನಲವತ್ತು ಎಕರೆಯನ್ನು ಮತ್ತೆ ಜೌಗಾಗಲು ಬಿಡುತ್ತೇನೆಂದು ಸರ್ಕಾರಕ್ಕೆ ನಾಲ್ಕು ವರ್ಷ ಅರ್ಜಿ ಹಾಕಿ ಒಪ್ಪಿಗೆ ಪಡೆದಿದ್ದಳು. ಮಾಡಬೇಕಾದದ್ದು ಸರಳ: ಕೊಳವೆಗಳನ್ನು ಹುಡುಕಿ, ಅಲ್ಲಲ್ಲಿ ಅಗೆದು ಒಡೆದು, ಬಾಯಿ ಮುಚ್ಚುವುದು. ಆದರೆ ಐಲರ್ಟ್ ಉಬೆನ್ ಯಾವುದಕ್ಕೂ ನಕ್ಷೆ ಬರೆದವನಲ್ಲ. ನಕ್ಷೆ ಇದ್ದದ್ದು ಅವನ ತಲೆಯಲ್ಲಿ, ಅವನ ನಂತರ ಮಗನ ತಲೆಯಲ್ಲಿ. ಅಗೆಯುವ ಯಂತ್ರ ನಡೆಸುವ ಲೊರೆನ್ ಅದರ ಉಕ್ಕಿನ ಪಟ್ಟಿಯ ಮೇಲೆ ಕೂತು ಸೇಬು ತಿನ್ನುತ್ತಿದ್ದ.

“ಬನ್ನಿ ಯಜಮಾನ್ರೇ. ಎಲ್ಲಿ, ನಿಮ್ಮ ಮಾಯದ ಕಡ್ಡಿ ತಂದ್ರಾ?”

ಫೋಲ್ಕರ್ಟ್ ಪಿಕಪ್ ಗಾಡಿಯ ಸೀಟಿನ ಹಿಂದಿನಿಂದ ಎರಡು ತಂತಿಗಳನ್ನು ತೆಗೆದ. ಬೇಲಿಯ ತಂತಿಯನ್ನೇ ಮೊಳದುದ್ದ ಕತ್ತರಿಸಿ ಹಿಡಿಯ ಹತ್ತಿರ ಬಗ್ಗಿಸಿದವು. ಎರಡು ಮುಷ್ಟಿಯಲ್ಲಿ ಸಡಿಲವಾಗಿ ಹಿಡಿದು, ಪಿಸ್ತೂಲುಗಳ ಹಾಗೆ ಮುಂದೆ ಚಾಚಿ, ನಿಧಾನ ನಡೆಯಬೇಕು. ಕೆಳಗೆ ಕೊಳವೆ ಇದ್ದರೆ ತಂತಿಗಳು ತಾವಾಗಿ ತಿರುಗಿ ಒಂದರ ಮೇಲೊಂದು ಬೀಳುತ್ತವೆ. ಯಾಕೆ ಎಂದು ಅವನಿಗೆ ಗೊತ್ತಿಲ್ಲ. ಪಾದ್ರಿಗೆ ಇದು ಇಷ್ಟವಿರಲಿಲ್ಲ. ಆದರೆ ಪಾದ್ರಿಯ ಮನೆಯ ಹಿತ್ತಿಲಲ್ಲಿ ನೀರು ನಿಂತಾಗ ಅವರೂ ಐಲರ್ಟನನ್ನೇ ಕರೆಸಿದ್ದರು.

“ಚರ್ಚಿನೋರು ನೋಡಿದ್ರೆ ಮಾಟ ಮಾಡ್ತಿದ್ದಾನೆ ಅಂತಾರೆ,” ಎಂದ ಲೊರೆನ್.

“ಅವರಿಗೂ ಮಾಡಿಕೊಟ್ಟಿದ್ದೀನಿ,” ಎಂದ ಫೋಲ್ಕರ್ಟ್. ಲೊರೆನ್ ಸೇಬು ಗಂಟಲಿಗೆ ಸಿಕ್ಕಿಕೊಳ್ಳುವಷ್ಟು ನಕ್ಕ. ಆರ್ಲಿಸ್ ನಗಲಿಲ್ಲ. ಅವನ ಕೈಗಳನ್ನೇ ನೋಡುತ್ತಿದ್ದಳು.

ಬೆಳಗಿನ ಕೆಲಸ ಸಲೀಸಾಗಿ ಸಾಗಿತು. ಅವನು ನಡೆದ, ತಂತಿಗಳು ಕೂಡಿದವು, ಅವಳು ಬಾವುಟ ನೆಟ್ಟಳು. ಸಂಶಯ ಬಂದಲ್ಲಿ ಉಕ್ಕಿನ ಸರಳು ಇಳಿಸಿ ನೋಡಿದ. ಮಣ್ಣಿನ ಮೆತ್ತನೆಯ ನಂತರ ಕೊಳವೆಯ ಬೆನ್ನು ಟಕ್ಕೆಂದು ತಾಗಿ ಆ ಸದ್ದು ಅಂಗೈಯಿಂದ ಮೊಣಕೈಗೆ ಏರುತ್ತಿತ್ತು. ಹತ್ತು ಗಂಟೆಯೊಳಗೆ ಎರಡು ಸಲ ಅವನು ಕೆಲಸ ನಿಲ್ಲಿಸಿ ಗಾಡಿಯ ಹಿಂದೆ ಹೋಗಬೇಕಾಯಿತು. ಎರಡನೆಯ ಸಲ ಗಾಳಿ ದಿಕ್ಕು ಬದಲಿಸಿ ಪ್ಯಾಂಟಿನ ಮೇಲೆ ಹನಿ ಬಿತ್ತು. ಕೋಟಿನ ಅಂಚನ್ನು ಕೆಳಗೆಳೆದುಕೊಂಡು ಬಂದವನಿಗೆ, ಹೆಣ್ಣುಮಗಳೊಬ್ಬಳು ಬೇಕೆಂದೇ ಬೇರೆ ಕಡೆ ನೋಡುತ್ತ ತನಗಾಗಿ ಕಾಯುತ್ತಿದ್ದಾಳೆ ಎನ್ನುವುದು ಒಂದು ಬಗೆಯ ಶಿಕ್ಷೆಯಂತೆ ಕಂಡಿತು. ಇದಕ್ಕಿಂತ ದೊಡ್ಡದು ಸಿಗಬೇಕಾಗಿತ್ತು ಎಂದೂ ಅನಿಸಿತು. ಗೆರೆಗಳು ಒಂದೊಂದಾಗಿ ಬೇಲಿಯತ್ತ ಸರಿಯುತ್ತಿದ್ದವು. ಬೇಲಿಯಾಚೆ, ಉಬೆನ್‌ರ ಹೊಲಕ್ಕೂ ತಾಗಿದಂತೆ, ಮೈಂಡರ್ಸರದೇ ಹುಲ್ಲಿನ ಏರು, ಏರಿನ ನಡುವೆ ಒಂದು ಸಣ್ಣ ತಗ್ಗು, ತಗ್ಗಿನಲ್ಲಿ ಬಿರುಕುಬಿಟ್ಟ ಸಿಮೆಂಟಿನ ತೊಟ್ಟಿ. ಅದರೊಳಗೆ ಈಗ ಒಣಗಿದ ಗಿಡಗಳು.

ಆ ತೊಟ್ಟಿಯಲ್ಲಿ ಒಂದು ಕಾಲಕ್ಕೆ ಹಾರ್ಮನ ಹದಿನೆಂಟು ಹಸುಗಳು ಒಟ್ಟಿಗೆ ಮೂತಿಯಿಟ್ಟು ಕುಡಿಯುತ್ತಿದ್ದವು. ಅದನ್ನು ತುಂಬುತ್ತಿದ್ದ ಒರತೆ ಎಂಥ ಚಳಿಯಲ್ಲೂ ಹೆಪ್ಪುಗಟ್ಟುತ್ತಿರಲಿಲ್ಲ. ಎರಡೂ ಮನೆಯ ತಗ್ಗಿಗೆ ಕೂಡಿಯೇ ಕೊಳವೆ ಹಾಕಿದ ಬೇಸಿಗೆಯಲ್ಲಿ ಹಾರ್ಮ್ ದಿನಾ ಮಧ್ಯಾಹ್ನ ಅಗೆಯುವವರಿಗೆ ತಗಡಿನ ಕ್ಯಾನಿನಲ್ಲಿ ಚಹಾ ತರುತ್ತಿದ್ದ, ಆರದಿರಲೆಂದು ಹೆಂಡತಿಯ ಉಣ್ಣೆಯ ಶಾಲು ಸುತ್ತಿ. ಫೋಲ್ಕರ್ಟನಿಗೆ ಆಗ ಇಪ್ಪತ್ತನಾಲ್ಕು. ಎಲ್ಲ ಮುಗಿದ ಮೇಲೂ ಉಬೆನ್‌ರ ಹೊಲದ ಒಂದು ಮೂಲೆ ಒಣಗಲಿಲ್ಲ. ಹಾಸಿಗೆಯಷ್ಟಗಲದ ಮೂಲೆ. ಅಪ್ಪ ಊಟ ಬಿಟ್ಟು ಅದರ ಸುತ್ತ ನಡೆಯುತ್ತಿದ್ದ. ಹಾರ್ಮನ ಒರತೆಯ ಜಿನುಗು ಏರಿನಿಂದ ಇಳಿದು ಬರುತ್ತಿದೆ ಎಂದು ಕಂಡುಕೊಂಡ. ಅದೇ ವಾರ ನಾದಿನಿಯ ಮಣ್ಣಿಗೆಂದು ಹಾರ್ಮ್ ಮನೆಮಂದಿಯನ್ನೆಲ್ಲ ಕರೆದುಕೊಂಡು ಎರಡು ದಿನ ಪರವೂರಿಗೆ ಹೋದ. ಹಸು ಕರೆಯುವುದನ್ನು ಉಬೆನ್‌ರಿಗೆ ಒಪ್ಪಿಸಿ ಹೋದ. “ಅವನನ್ನ ಕೇಳ್ಬೇಕಲ್ವಾ ಅಪ್ಪ?” ಎಂದಿದ್ದ ಫೋಲ್ಕರ್ಟ್. “ಕೇಳೋಕೆ ಊರಲ್ಲಿದ್ದಾನಾ? ಉಕ್ಕಿ ಹರಿಯೋದನ್ನ ಹಿಡೀತೀವಿ, ಅಷ್ಟೆ. ಇದ್ದಿದ್ರೆ ಬೇಡ ಅಂತಿದ್ನಾ?” ಬೇಲಿ ದಾಟಿ ಮೂವತ್ತು ಹೆಜ್ಜೆ. ಹುಲ್ಲಿನ ಹಾಸನ್ನು ಚೌಕ ಚೌಕವಾಗಿ ಕತ್ತರಿಸಿ ಪಕ್ಕಕ್ಕಿಟ್ಟು, ಅಗೆದು, ಕೊಳವೆ ಹೂಡಿ, ಮಣ್ಣು ತುಂಬಿ, ಚೌಕಗಳನ್ನು ಮೊದಲಿದ್ದಂತೆಯೇ ಜೋಡಿಸಿದರು. ನೀರು ಹನಿಸಿದರು. ನಡುವೆ ಎರಡು ಹೊತ್ತು ಹೋಗಿ ಹಾರ್ಮನ ಹಸುಗಳ ಹಾಲು ಕರೆದರು. ಅಪ್ಪ ಒಂದಡಿ ಜಾಸ್ತಿ ಆಳಕ್ಕೆ ಹೋಗಿದ್ದ. ಯಾವತ್ತೂ ಆಳ ತಪ್ಪದವನು. ಮೂಲೆ ಒಣಗಿತು. ಹದಿನೈದು ದಿನದಲ್ಲಿ ಒರತೆಯೂ ನಿಂತಿತು.

“ಊಟ ಮಾಡೋಣ್ವಾ?” ಎಂದಳು ಆರ್ಲಿಸ್.

ಗಾಡಿಯ ಹಿಂಬದಿಯ ಹಲಗೆ ಇಳಿಸಿ ಮೂವರೂ ಕೂತರು. ಅವಳು ಹಂದಿಮಾಂಸ ಇಟ್ಟ ಬ್ರೆಡ್ಡು ಕೊಟ್ಟಳು. ಫೋಲ್ಕರ್ಟ್ ಅದನ್ನು ಹಾಗೆಯೇ ಕೈಯಲ್ಲಿ ಹಿಡಿದುಕೊಂಡ. ಊರಾಚೆಯ ಹಂದಿ ಕಡಿಯುವ ಕಾರ್ಖಾನೆಯಲ್ಲಿ ಹಾರ್ಮ್ ಇಪ್ಪತ್ತೆಂಟು ವರ್ಷ, ತಣ್ಣಗಿನ ಕೋಣೆಯಲ್ಲಿ, ಚಾಕು ಹಿಡಿದು ನಿಂತಿದ್ದ. ಒರತೆ ನಿಂತ ಮೇಲೆ ಒಂದು ಚಳಿಗಾಲ ಗಾಡಿಯಲ್ಲಿ ನೀರು ಹೊತ್ತು ತಂದು, ಸೋತು, ಹಸುಗಳನ್ನು ಮಾರಿದ್ದ. ಕೊನೆಕೊನೆಗೆ ಚರ್ಚಿನಲ್ಲಿ ಕೈ ಕುಲುಕಿದರೆ ಅವನ ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ.

“ಬೆಳಗ್ಗೆ ಗುರುತು ಹಾಕಿದ್ದೆಲ್ಲ ಒಡೆದ್ರೆ ನೀರು ನಿಲ್ಲುತ್ತಾ?” ಎಂದು ಅವಳು ಲೊರೆನ್‌ನನ್ನು ಕೇಳಿದಳು.

“ಮೇ ತಿಂಗಳವರೆಗೆ ನಿಲ್ಲತ್ತೆ. ಜುಲೈಗೆ ಒಣಗತ್ತೆ. ಮಳೆ ನೀರೊಂದೇ ಸಾಲಲ್ಲ ಮೇಡಂ. ಮೇಲಿಂದ ಬರೋ ನೀರು ಬೇಕು.”

“ಎರಡು ಬೇಸಿಗೆ ನೀರು ನಿಲ್ಲದಿದ್ರೆ ಒಪ್ಪಿಗೆ ವಾಪಸ್ ತಗೋತಾರೆ. ಆಮೇಲೆ ಗೇಣಿಯವನು ಪ್ಲಾಸ್ಟಿಕ್ ಕೊಳವೆ ಹಾಕಿ ಮುಸುಕಿನ ಜೋಳ ಬಿತ್ತುತ್ತಾನೆ. ಅಲ್ಲಿಗೆ ಮುಗೀತು.” ಅವಳು ಬ್ರೆಡ್ಡಿನ ಅಂಚನ್ನು ಚಿವುಟಿ ಎಸೆದಳು. “ಹಿಂದೆ ಇಲ್ಲಿ ದೊಡ್ಡ ಕೊಕ್ಕರೆಗಳು ಇಳೀತಿದ್ವಂತೆ. ನೀವು ನೋಡಿದ್ದೀರಾ, ಫೋಲ್ಕರ್ಟ್?”

“ಕೊನೇ ಸಲ ಬಂದಾಗ.” ಕೊಳವೆ ಹಾಕಿದ ಮರುವರ್ಷ ಅವು ಬಂದಿದ್ದವು. ಇಳಿಯದೆ, ಕೂಗುತ್ತ, ಅರ್ಧ ದಿನ ತಗ್ಗಿನ ಮೇಲೆ ಸುತ್ತಿದವು. ಅಪ್ಪ ತಲೆಯೆತ್ತಿ, ಹುಚ್ಚು ಹಕ್ಕಿಗಳು ಎಂದಿದ್ದ.

“ಬೇಲಿವರೆಗೆ ಆಯ್ತಲ್ಲ, ಇಷ್ಟೇನಾ?” ಎಂದಳು ಅವಳು. “ಆಚೆ ಏನೂ ಇಲ್ವಾ?”

“ಇಷ್ಟೇ,” ಎಂದ.

ಎಷ್ಟು ಸಲೀಸಾಗಿ ಬಂತು. ಐವತ್ತು ವರ್ಷದ ಅಭ್ಯಾಸ; ನಾಲಿಗೆಗೆ ಅವನ ಅಪ್ಪಣೆಯೇ ಬೇಕಿರಲಿಲ್ಲ. ಅವನು ತನ್ನ ಮಣಿಕಟ್ಟುಗಳನ್ನು ನೋಡಿಕೊಂಡ. ಮೊದಲು ಸುಳ್ಳು ಹೇಳಿದ್ದು ನಾಲಿಗೆಯಲ್ಲ, ಇವು. ಒರತೆ ನಿಂತ ತಿಂಗಳಿಗೆ ಹಾರ್ಮ್ ಮನೆಗೆ ಬಂದು, ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ, ಫೋಲ್ಕರ್ಟ್ ಕೈ ಒಳ್ಳೇದು, ಬಂದು ಒಂದ್ಸಲ ನಡೆದು ನೋಡ್ಲಿ, ನೀರು ಎಲ್ಲಿ ಸರಿದಿದೆಯೋ ಅಲ್ಲಿ ಬಾವಿ ತೋಡ್ತೀನಿ ಎಂದು ಕೇಳಿದ್ದ. ಅಪ್ಪ ಇಲ್ಲ ಎನ್ನಲಿಲ್ಲ. ಅಪ್ಪ ಬೇಲಿಗೆ ಮೊಣಕೈಯೂರಿ ನಿಂತ, ಫೋಲ್ಕರ್ಟ್ ಏರಿನ ಮೇಲೆ ನಡೆದ, ಹಾರ್ಮ್ ಹತ್ತು ಹೆಜ್ಜೆ ಹಿಂದೆ ಚರ್ಚಿನಲ್ಲಿ ನಡೆಯುವವನಂತೆ ಸದ್ದಿಲ್ಲದೆ ಬಂದ. ಆ ಹೊಸ ಹುಲ್ಲುಚೌಕಗಳ ಮೇಲೆ ಹೆಜ್ಜೆಯಿಡುತ್ತಲೇ ತಂತಿಗಳು ಎಳೆದವು. ಅವು ಅಷ್ಟು ಬಲವಾಗಿ ಎಂದೂ ಎಳೆದಿರಲಿಲ್ಲ. ಅವನು ಮುಷ್ಟಿ ಬಿಗಿದು, ಮಣಿಕಟ್ಟುಗಳನ್ನು ಹೊರಕ್ಕೆ ತಿರುವಿ, ಎರಡು ತಂತಿಗಳನ್ನೂ ನೆಟ್ಟಗೆ ಹಿಡಿದುಕೊಂಡ. ಕಡೆಯವರೆಗೂ ಹಾಗೆಯೇ ನಡೆದ. ಏನೂ ಇಲ್ಲ ಹಾರ್ಮ್, ಎಂದ. ಆ ಭಾನುವಾರ ಸಭೆಯ ಮುಂದೆ ಹಾರ್ಮ್ ಎದ್ದು ನಿಂತು, ಹಿಂದಿನ ವರ್ಷ ಮಳೆ ಬರುತ್ತದೆಂದು ಹೆದರಿ ಕೆಲಸ ಮಾಡಬಾರದ ಸಬ್ಬತ್ ದಿನ ಹುಲ್ಲು ಕಟ್ಟಿದ್ದೆ, ಅದಕ್ಕೇ ದೇವರು ನನ್ನ ನೀರನ್ನು ಹಿಂತೆಗೆದುಕೊಂಡ ಎಂದು ಒಪ್ಪಿಕೊಂಡು ಅತ್ತ. ಎಲ್ಲರೂ ಅವನಿಗಾಗಿ ಪ್ರಾರ್ಥಿಸಿದರು. ಎರಡನೆಯ ಸಾಲಿನಲ್ಲಿ ಅಪ್ಪ ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಆಮೆನ್ ಅಂದ. ನಂತರ ಅಪ್ಪ ಬದುಕಿದ್ದ ಮೂವತ್ತು ವರ್ಷವೂ ಇಬ್ಬರೂ ಆ ಬಗ್ಗೆ ಮಾತಾಡಲಿಲ್ಲ. ಅಪ್ಪ ಸತ್ತ ಮೇಲೆ ಹಾರ್ಮನಿಗೆ ಹೇಳಬಹುದಿತ್ತು. ಈಸ್ಟರ್ ಆಗಲಿ, ಸುಗ್ಗಿಯಾಗಲಿ, ಅವನ ಹೆಂಡತಿಯ ಕಾಯಿಲೆ ವಾಸಿಯಾಗಲಿ ಎಂದು ಮುಂದೂಡಿದ್ದಾಯಿತು. ಹೇಳಲು ತಡವಾಯಿತು ಎನ್ನುವುದೇ ಕ್ರಮೇಣ ಹೇಳದಿರಲು ಕಾರಣವಾಯಿತು. ಹಾರ್ಮ್ ಹೋದ. ಪೆಟ್ಟಿಗೆಗೆ ಹೆಗಲು ಕೊಟ್ಟ ಆರು ಜನರಲ್ಲಿ ಫೋಲ್ಕರ್ಟನೂ ಒಬ್ಬ.

ಲೊರೆನ್ ಕೈ ಕೊಡವಿ ಎದ್ದ. “ಹಾಗಾದ್ರೆ ಶುರು ಮಾಡ್ಲಾ? ಬೇಲಿ ಕಡೆಯಿಂದ?”

“ತಾಳು,” ಎಂದ ಫೋಲ್ಕರ್ಟ್.

ಯಾಕೆ ಆಗಲೇ ಎಂದು ಅವನಿಗೂ ತಿಳಿಯಲಿಲ್ಲ. ಧೈರ್ಯ ಬಂದದ್ದಲ್ಲ. ಜುಲೈಯಲ್ಲಿ ಒಣಗುತ್ತದೆ ಎಂದ ಲೊರೆನ್‌ನ ಮಾತು ಕಿವಿಯಲ್ಲಿ ಕೂತಿತ್ತು. ಒಣಗಿದ ಕೆಸರಿನ ಮುಂದೆ ಇವಳು ಈ ದೊಡ್ಡ ಕೋಟು ಹಾಕಿಕೊಂಡು ನಿಂತು, ತಾನೇನು ತಪ್ಪು ಮಾಡಿದೆ ಎಂದು ಲೆಕ್ಕ ಹಾಕುವುದು ಕಣ್ಣಿಗೆ ಬಂತು. ಅವಳಪ್ಪನಂತೆಯೇ. ಅದನ್ನು ಎರಡನೆಯ ಸಲ ನೋಡಲು ತನ್ನಿಂದಾಗದು ಎಂದಷ್ಟೇ ಅನಿಸಿತು. ತಂತಿಗಳನ್ನು ತೆಗೆದುಕೊಂಡು ಬೇಲಿಯ ಗೇಟು ತೆರೆದು ಏರಿನ ಮೇಲೆ ನಡೆದ. ಹುಲ್ಲು ಒದ್ದೆಯಾಗಿತ್ತು. ಆರ್ಲಿಸ್ ಹಿಂದೆಯೇ ಬಂದಳು. ಹತ್ತು ಹೆಜ್ಜೆ, ಹನ್ನೆರಡು. ಎಡಗೈಯ ತಂತಿ ಮೊದಲು ಕದಲಿತು. ಅವನ ಮುಷ್ಟಿಗಳು ಹಳೆಯ ಅಭ್ಯಾಸದಂತೆ ಬಿಗಿಯಲು ಹೋದವು. ಮೈಯ ಬಲವನ್ನೆಲ್ಲ ಹಾಕಿ ಅವನ್ನು ಸಡಿಲ ಬಿಟ್ಟ. ಬಿಗಿಯುವುದಕ್ಕಿಂತ ಸಡಿಲ ಬಿಡುವುದೇ ಕಷ್ಟವಾಗಿತ್ತು. ತಂತಿಗಳು ತಿರುಗಿ, ಒಂದನ್ನೊಂದು ಹಾಯ್ದು, ಅವನ ಎದೆಯ ಮುಂದೆ ನಿಂತವು.

“ಇಲ್ಲಿ,” ಎಂದ. “ಇಲ್ಲಿಂದ ತೊಟ್ಟಿಯ ಕೆಳಗಿನವರೆಗೆ. ನಾನೂ ಅಪ್ಪನೂ ಹಾಕಿದ್ದು. ನೀವೆಲ್ಲ ಊರಲ್ಲಿರಲಿಲ್ಲ. ನಿಮ್ಮ ಒರತೆ ಈ ಕೊಳವೇಲಿ ಹೋಗ್ತಿದೆ. ಆವತ್ತು ಹಾರ್ಮ್ ಕೇಳ್ದಾಗ ನಾನು…”

“ತಂತಿ ತಿರುಗದ ಹಾಗೆ ಹಿಡ್ಕೊಂಡ್ರಿ.”

ಅವನು ತಿರುಗಿ ನೋಡಿದ.

“ನಾನು ಇದ್ದೆ ಅಲ್ಲಿ,” ಎಂದಳು ಆರ್ಲಿಸ್. “ತೊಟ್ಟಿ ಮೇಲೆ ಕೂತಿದ್ದೆ. ಆರು ವರ್ಷ ನಂಗೆ. ನೀವ್ಯಾರೂ ನನ್ನ ನೋಡ್ಲೇ ಇಲ್ಲ. ತಂತಿ ತಿರುಗೋಕೆ ಹೋಯ್ತು, ನಿಮ್ಮ ಮಣಿಕಟ್ಟು ನಡುಗ್ತಿತ್ತು, ನೀವು ಬಿಡ್ಲಿಲ್ಲ. ರಾತ್ರಿ ಊಟದಲ್ಲಿ ಅಪ್ಪನಿಗೆ ಹೇಳಿದೆ, ಫೋಲ್ಕರ್ಟ್ ಸುಳ್ಳು ಹೇಳಿದ್ದು ಅಂತ.”

“ಹಾರ್ಮ್ ಏನಂದ?”

“ಉಬೆನ್ ಮನೆಯವರ ಮೇಲೆ ಸುಳ್ಳು ಹೇಳ್ತೀಯಾ ಅಂತ ಬಾಯಿಗೆ ಸೋಪು ಹಾಕಿ ತಿಕ್ಕಿದ. ಅಪ್ಪ ನನ್ನ ಮೇಲೆ ಅದೊಂದೇ ಸಲ ಕೈ ಮಾಡಿದ್ದು. ತಿಕ್ತಾ ತಿಕ್ತಾ ಅವನೇ ಅಳ್ತಿದ್ದ.” ಅವಳು ಕೋಟಿನ ಗುಂಡಿಯನ್ನು ಹಾಕಿ ಬಿಚ್ಚಿದಳು. “ಆಮೇಲೆ ನಾನೂ ಹಾಗೇ ಅಂದ್ಕೊಂಡೆ. ನಂದು ಸುಳ್ಳು ಹೇಳೋ ಬಾಯಿ ಅಂತ. ಸ್ಕೂಲಲ್ಲಿ, ಮದುವೆಯಾದ್ಮೇಲೆ, ನಾನು ಕಣ್ಣಾರೆ ಕಂಡಿದ್ದನ್ನೂ ಇನ್ನೊಬ್ರು ಹೌದು ಅನ್ನೋವರೆಗೆ ನಂಬ್ತಿರಲಿಲ್ಲ. ಕೊಳವೆ ಹುಡುಕೋಕೆ ಈಗ ಮೆಷಿನ್ ಇದೆ ಫೋಲ್ಕರ್ಟ್. ನಿಮ್ಮನ್ನೇ ಯಾಕೆ ಕರೆದೆ ಅಂತ ನೀವು ಕೇಳ್ಲೇ ಇಲ್ಲ.”

ಅವನ ಬಳಿ ಹಾರ್ಮನ ಮುಂದೆ ಹೇಳಲೆಂದು ವರ್ಷಾನುಗಟ್ಟಲೆ ಮನಸ್ಸಿನಲ್ಲೇ ತಿದ್ದಿ ತೀಡಿ ಇಟ್ಟ ವಾಕ್ಯಗಳಿದ್ದವು, ಅವೆಲ್ಲ ಹಾರ್ಮನವು. ತೊಟ್ಟಿಯ ಮೇಲೆ ಕೂತ ಮಗುವಿಗೆಂದು ಒಂದೂ ಇರಲಿಲ್ಲ. ಆ ಮಗುವನ್ನು ನೆನಪಿನಲ್ಲಿ ಹುಡುಕಿದ. ಹುಲ್ಲು, ತಂತಿ, ಅಪ್ಪನ ಮೊಣಕೈ, ಹಾರ್ಮನ ಬೂಟು ಎಲ್ಲವೂ ಇದ್ದವು. ತೊಟ್ಟಿಯೂ ಇತ್ತು. ಅದರ ಮೇಲೆ ಯಾರೂ ಇರಲಿಲ್ಲ.

“ಆರ್ಲಿಸ್,” ಎಂದ.

“ಬಾವುಟ ನೀವೇ ನೆಡಿ,” ಎಂದು ಅವಳು ಒಂದನ್ನು ಚಾಚಿದಳು.

ಮಂಡಿಯೂರಿ ನೆಟ್ಟ. ಏಳಲು ಆಗಲಿಲ್ಲ. ಅವಳು ಕೈ ಕೊಡಲಿಲ್ಲ; ಲೊರೆನ್ ಬಂದು ಕಂಕುಳಿಗೆ ಕೈಹಾಕಿ ಎಬ್ಬಿಸಿ, “ಯಜಮಾನ್ರು ಕರಡಿ ತೂಕ ಇದ್ದಾರಪ್ಪ,” ಎಂದ. ಯಾರೂ ನಗದಿದ್ದುದನ್ನು ಕಂಡು ಇಬ್ಬರ ಮುಖವನ್ನೂ ನೋಡಿ, ಸುಮ್ಮನೆ ಹೋಗಿ ಯಂತ್ರ ಹತ್ತಿದ.

ನಾಲ್ಕಡಿ ಕೆಳಗೆ ಕೊಳವೆ ಸಿಕ್ಕಿತು. ಒಂದು ತುಂಡೂ ಸರಿದಿರಲಿಲ್ಲ, ಒಂದರ ಬಾಯಿಗೆ ಇನ್ನೊಂದು ಕೂದಲೆಳೆಯಷ್ಟು ಸಂದಿ ಬಿಟ್ಟು, ನಿನ್ನೆ ಹೂಡಿದಂತೆ ನೆಟ್ಟಗೆ. ಎಂಥ ಕೆಲಸ, ಎಂದುಕೊಂಡ ಫೋಲ್ಕರ್ಟ್, ಹಾಗೆ ಎಂದುಕೊಂಡದ್ದಕ್ಕೆ ಅವನಿಗೆ ನಾಚಿಕೆಯಾಯಿತು. ಯಂತ್ರದ ಹಲ್ಲು ತಾಗಿ ಕೊಳವೆ ಒಡೆಯಿತು. ನೀರು ಉಕ್ಕಲಿಲ್ಲ, ಮೊದಲು ತುಸು ಕೆಂಪಾಗಿ, ಆಮೇಲೆ ಕನ್ನಡಿಯಷ್ಟು ತಿಳಿಯಾಗಿ ಗುಂಡಿಯೊಳಗೆ ಏರತೊಡಗಿತು. ಲೊರೆನ್ ಕೆಳಬದಿಯ ಬಾಯಿಗೆ ಜೇಡಿಮಣ್ಣು ಒತ್ತಿ ಮುಚ್ಚಿದ. ಹಳೇ ಜಾಗದಲ್ಲೇ ಮೇಲೆ ಬರುತ್ತದೆ ಎಂದು ಹೇಳಲಾಗದು, ನೀರು ಎಲ್ಲಿ ಬೇಕಾದರೂ ದಾರಿ ಮಾಡಿಕೊಳ್ಳಬಹುದು, ಎಂದೂ ಕೂಗಿ ಹೇಳಿದ.

ಆರ್ಲಿಸ್ ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತಳು. ಬೊಗಸೆಯಲ್ಲಿ ನೀರೆತ್ತಿಕೊಂಡಳು.

“ಮೇಡಂ, ಕುಡೀಬೇಡಿ, ಅದ್ರಲ್ಲಿ ಏನೇನಿದೆಯೋ!” ಎಂದ ಲೊರೆನ್.

ಅವಳು ಕುಡಿಯಲಿಲ್ಲ. ಬಾಯಿ ತುಂಬಿಕೊಂಡು, ಕಣ್ಣು ಮುಚ್ಚಿ, ಕೆನ್ನೆಗಳನ್ನು ಆಡಿಸಿ, ಪಕ್ಕದ ಹುಲ್ಲಿಗೆ ಉಗುಳಿದಳು. ಮತ್ತೆ ತುಂಬಿಕೊಂಡಳು, ಮತ್ತೆ ಉಗುಳಿದಳು. ಮೂರನೆಯ ಸಲವೂ ಹಾಗೆಯೇ. ಅವಸರವಿಲ್ಲದೆ, ಬೆಳಗ್ಗೆ ಎದ್ದವರು ತಮ್ಮ ಮನೆಯಲ್ಲಿ ಬಾಯಿ ತೊಳೆದುಕೊಳ್ಳುವ ಹಾಗೆ. ಆಮೇಲೆ ತೋಳಿನಿಂದ ತುಟಿ ಒರೆಸಿಕೊಂಡು, ಫೋಲ್ಕರ್ಟನ ಕಡೆ ನೋಡದೆ, ಇಳಿಜಾರಿನಲ್ಲಿ ತಗ್ಗಿನತ್ತ ನಡೆದುಹೋದಳು. ಅವನು ಗುಂಡಿಯ ಪಕ್ಕ ನಿಂತೇ ಇದ್ದ. ನೀರು ಏರುತ್ತಿತ್ತು. ಅದು ತನ್ನ ಬೂಟಿನವರೆಗೆ ಬರಲಿ ಎಂದು ಕಾದ.